ಸಾಲಿಗ್ರಾಮ ತರಗತಿಗೆ ಬಂದ ವರ್ಷ

ಕಳೆದ ತಿಂಗಳು ಒಂದು ಕಾಗದಪತ್ರದ ಕೆಲಸಕ್ಕೆ ಆರ್.ಕೆ.ಪುರಂಗೆ ಹೋಗಿದ್ದೆ. ಮೆಟ್ರೊ ಇಳಿದು ಸೆಕ್ಟರಿನ ಒಳದಾರಿಯಲ್ಲಿ ನಡೆಯುವಾಗ ಒಂದು ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ರಿಪೇರಿ ನಡೆದಿತ್ತು. ಕೆಲಸಗಾರನೊಬ್ಬ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಬಕೆಟ್ಟಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲೆಸುತ್ತಿದ್ದ. ಒದ್ದೆ ಸುಣ್ಣವೂ ಅಲ್ಲ, ಹಸಿ ಮಣ್ಣೂ ಅಲ್ಲ, ಎರಡರ ನಡುವಿನ ಒಂದು ವಾಸನೆ. ನಾನು ನಿಂತೆ. ಅವನು ತಲೆಯೆತ್ತಿ ಯಾರು ಬೇಕಿತ್ತು ಎಂದು ಕೇಳಿದ. ಯಾರೂ ಇಲ್ಲ ಎಂದೆ. ಅದು ಸರಿಯಾದ ಉತ್ತರವೇ. ಆ ಸೆಕ್ಟರಿನಲ್ಲಿ ನನಗೆ ಗೊತ್ತಿದ್ದ ಒಂದೇ ಮನೆಯವರು ಊರು ಬಿಟ್ಟು ಎರಡು ವರ್ಷವಾಗಿದೆ.

ಅವರು ಇಲ್ಲಿದ್ದ ವರ್ಷ ನಾನು ಟೀಚರಾಗಿದ್ದೆ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಒಂದು ಕನ್ನಡ ಪತ್ರಿಕೆಯ ದೆಹಲಿ ಕಚೇರಿಯಲ್ಲಿದ್ದೆ. ಐದು ಜನರ ಕಚೇರಿ ಮೂವರದ್ದಾಯಿತು, ಮೂವರದ್ದು ಒಬ್ಬಳದ್ದಾಯಿತು, ಕೊನೆಗೆ ಒಂದು ಮಾರ್ಚ್‌ನಲ್ಲಿ ಆ ಒಬ್ಬಳೂ ಬೇಡವಾದಳು. ಲೋಧಿ ಕಾಲೋನಿಯ ಹಿಂಭಾಗದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಮದುವೆಯಾಗಿಲ್ಲ, ತಂಗಿ ಶಿವಮೊಗ್ಗದಲ್ಲಿ ಅವಳ ಸಂಸಾರದಲ್ಲಿದ್ದಾಳೆ. ಪತ್ರಿಕೆಗೆ ಸೇರುವ ಮುಂಚೆ ಮಾಡಿದ್ದ ಬಿ.ಎಡ್. ಒಂದು ಟ್ರಂಕಿನಲ್ಲಿತ್ತು. ಆರ್.ಕೆ.ಪುರಂನ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್ ಮಗುವಿನ ಆರೈಕೆಗೆಂದು ಒಂದು ವರ್ಷದ ರಜೆ ಹಾಕಿದ್ದರು. ಆ ಒಂದು ವರ್ಷಕ್ಕೆ ನನ್ನನ್ನು ತೆಗೆದುಕೊಂಡರು.

ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಹೆಚ್ಚಿನವರು ಕೇಂದ್ರ ಸರ್ಕಾರದ ನೌಕರರ ಮಕ್ಕಳು, ಕೆಲವರು ಸೈನ್ಯದವರ ಮಕ್ಕಳು. ವರ್ಗಾವಣೆ ಎಂಬ ಪದ ಅವರಿಗೆ ಗುಣಾಕಾರಕ್ಕಿಂತ ಮೊದಲು ಬಂದಿತ್ತು. ಏಪ್ರಿಲ್‌ನಲ್ಲಿ ಸೇರಿದವರಲ್ಲಿ ಅನಘಾ ಎಂಬ ಹುಡುಗಿಯಿದ್ದಳು. ಚೆನ್ನೈನಿಂದ ಬಂದವಳು. ಮನೆಮಾತು ಕನ್ನಡ, ಕಲಿತದ್ದು ತಮಿಳು ಮತ್ತು ಇಂಗ್ಲಿಷು, ಹಿಂದಿ ಬರದು. ಬರದ ಹಿಂದಿಗೆ ಮಕ್ಕಳು ಕೊಡುವ ಹೆಸರನ್ನೇ ಅವಳಿಗೂ ಕೊಟ್ಟಿದ್ದರು: ಮದ್ರಾಸಿ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ತಿನ್ನುತ್ತಿದ್ದಳು. ನಾನೂ ಸ್ಟಾಫ್ ರೂಮಿನಲ್ಲಿ ಮೂಲೆಯ ಕುರ್ಚಿ ಆರಿಸಿಕೊಂಡಿದ್ದೆ, ಹಾಗಾಗಿ ಅದು ನನ್ನ ಕಣ್ಣಿಗೆ ಬಿತ್ತು.

ಪೋಷಕರ ಸಭೆಗೆ ಬಂದ ಅವಳ ತಾಯಿ ವಿದ್ಯಾ ನನ್ನ ಹೆಸರು ಕೇಳಿ ಒಮ್ಮೆಲೇ ಕನ್ನಡಕ್ಕೆ ಹೊರಳಿದರು. ಅವರ ಮಾವನವರು ನಮ್ಮ ಪತ್ರಿಕೆಯನ್ನು ನಲವತ್ತು ವರ್ಷ ಓದಿದವರು ಎಂದು ತಿಳಿಯಿತು. ಮುಂದಿನ ಭಾನುವಾರ ಊಟಕ್ಕೆ ಕರೆದರು. ಆಮೇಲೆ ಕರೆಯುವ ಅಗತ್ಯ ಬೀಳಲಿಲ್ಲ. ಭಾನುವಾರ ಹನ್ನೊಂದಕ್ಕೆ ನಾನು ಬಸ್ಸು ಹಿಡಿಯುತ್ತಿದ್ದೆ, ಹನ್ನೆರಡಕ್ಕೆ ಅವರ ಮನೆಯಲ್ಲಿ ಎಲೆ ಬೀಳುತ್ತಿತ್ತು. ಅನಘಾ ಶಾಲೆಯಲ್ಲಿ ಮ್ಯಾಮ್ ಎನ್ನುತ್ತಿದ್ದವಳು ಮನೆಯಲ್ಲಿ ಆಂಟಿ ಎನ್ನುತ್ತಿದ್ದಳು. ಅವಳ ತಂದೆ ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ಭಾನುವಾರವೂ ಫೋನಿನಲ್ಲೇ ಇರುವವರು. ವಾರದ ಉಳಿದ ಆರು ದಿನ ನಾನು ಕನ್ನಡ ಮಾತಾಡುತ್ತಿರಲಿಲ್ಲ. ಆ ಮನೆ ನನಗೆ ಏನಾಗಿತ್ತು ಎಂಬುದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ತಾತ ಶೇಷಗಿರಿ ರಾಯರು ನಂಜನಗೂಡಿನ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಜೊತೆ ಊರೂರು ಸುತ್ತುತ್ತಿದ್ದರು. ಸಾಮಾನು ಎಂದರೆ ಎರಡು ಜೊತೆ ಪಂಚೆ, ಒಂದು ಮಡಿಪಂಚೆ, ಒಂದು ದೇವರ ಪೆಟ್ಟಿಗೆ. ಮೊದಲ ದಿನವೇ ನನ್ನನ್ನು ವಿಚಾರಣೆಗೆ ಕೂರಿಸಿದರು. ಬಹಳ ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಏಕಾದಶಿ ಒಂದು ದಿನ ಹೆಚ್ಚುಕಡಿಮೆಯಾಗಿ ಅಚ್ಚಾಗಿತ್ತಂತೆ. ಇವರು ಅಂದೇ ಕಾರ್ಡು ಬರೆದರಂತೆ. ಮರುವಾರ ಎರಡು ಸಾಲಿನ ತಿದ್ದುಪಡಿ ಬಂತಂತೆ.

“ತಪ್ಪು ಎಲ್ಲರೂ ಮಾಡ್ತಾರೆ. ನೀವು ತಿದ್ದಿದ್ರಿ ನೋಡಿ, ಅದಕ್ಕೇ ಪತ್ರಿಕೆ ಬಿಡಲಿಲ್ಲ ನಾನು,” ಎಂದರು.

ಬೆಳಿಗ್ಗೆ ಅವರ ಪೂಜೆ ಮುಗಿಯುವುದಕ್ಕೂ ಅನಘಾಳ ಶಾಲೆಯ ವ್ಯಾನು ಬರುವುದಕ್ಕೂ ಹತ್ತು ನಿಮಿಷದ ಅಂತರ. ಅವಳು ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಬಲಗೈ ಗುಳಿ ಮಾಡಿ ಚಾಚುತ್ತಿದ್ದಳು. ಅವರು ಸಾಲಿಗ್ರಾಮದ ತೀರ್ಥವನ್ನು ಉದ್ಧರಣೆಯಲ್ಲಿ ಮೂರು ಸಲ ಹಾಕುತ್ತಿದ್ದರು. ಮೂರನೆಯದನ್ನು ಕುಡಿದು ಕೈಯನ್ನು ತಲೆಗೆ ಸವರಿಕೊಂಡು ಓಡುತ್ತಿದ್ದಳು. ಸೊಸೆಗೆ ಅಡುಗೆಮನೆಯ ಅವಸರ, ಮಗನಿಗೆ ಆಫೀಸಿನ ಅವಸರ. ತೀರ್ಥ ತೆಗೆದುಕೊಳ್ಳಲು ತಾನಾಗಿ ಬಂದು ನಿಲ್ಲುತ್ತಿದ್ದವಳು ಅವಳೊಬ್ಬಳೇ.

ಡೈನೋಸಾರ್ ಪಾಠ ಬಂದದ್ದು ಆಗಸ್ಟಿನ ಕೊನೆಗೆ. ಪುಸ್ತಕದಲ್ಲಿ ಎರಡೇ ಪುಟ. ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಮುಂದಿನ ಬೆಂಚಿನ ತನ್ವಿ ಎಂಬ ಹುಡುಗಿ ನನ್ನ ಉಚ್ಚಾರವನ್ನು ಎರಡು ಸಲ ತಿದ್ದಿದಳು. ಒಂದು ಹೆಸರಿನ ಕಾಗುಣಿತ ನೋಡಿಕೊಂಡು ಬರುತ್ತೇನೆ ಎಂದು ನಾನು ಒಪ್ಪಿಕೊಂಡಾಗ ತರಗತಿಗೆ ನನ್ನ ಮೇಲೆ ಮೊದಲ ಬಾರಿಗೆ ನಂಬಿಕೆ ಬಂದಂತೆ ಕಂಡಿತು. ಫಾಸಿಲ್, ಎಂದರೆ ಪಳೆಯುಳಿಕೆ, ಹೇಗಾಗುತ್ತದೆ ಎಂದು ತೋರಿಸಲು ಮರುದಿನ ಗೋಧಿಹಿಟ್ಟಿನ ಕಣಕ ಕಟ್ಟಿಕೊಂಡು ಹೋದೆ. ಎಲೆ, ಬಸವನಹುಳುವಿನ ಚಿಪ್ಪು, ಆಟಿಕೆಯ ಕಾಲು, ಯಾರೋ ತಂದಿದ್ದ ಕೋಳಿಮೂಳೆ, ಎಲ್ಲವನ್ನೂ ಕಣಕದಲ್ಲಿ ಒತ್ತಿ ತೆಗೆದು ಆ ಗುಳಿಗಳಿಗೆ ಪ್ಲಾಸ್ಟರ್ ಹೊಯ್ದೆವು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮೂವತ್ತನಾಲ್ಕು ಮಕ್ಕಳು ಅದರ ಮೇಲೆ ಕೈಯಿಟ್ಟು, ಗರಮ್ ಹೋ ಗಯಾ ಮ್ಯಾಮ್, ಎಂದು ಒಬ್ಬರಾದ ಮೇಲೆ ಒಬ್ಬರು ವರದಿ ಮಾಡಿದರು.

ಮೈದಾನದ ಅಂಚಿನಲ್ಲಿ ಅರಾವಳಿಯ ತುದಿಯ ಒಂದಿಷ್ಟು ಬಂಡೆ ನೆಲದಿಂದ ಮೇಲೆ ಎದ್ದಿದೆ. ಅಲ್ಲಿ ಅಗೆದರೆ ಫಾಸಿಲ್ ಸಿಗುತ್ತದಾ ಎಂದು ಮಕ್ಕಳು ಕೇಳಿದರು. ಸಿಗುವುದಿಲ್ಲ, ಆ ಕಲ್ಲು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು, ಆಗ ಪ್ರಾಣಿಗಳೇ ಇರಲಿಲ್ಲ ಎಂದೆ. ಅವುಗಳ ಮೊಟ್ಟೆ ಸಿಕ್ಕಿರುವುದು ಗುಜರಾತಿನಲ್ಲಿ, ನರ್ಮದೆಯ ಕಣಿವೆಯಲ್ಲಿ ಎಂದೆ. ತನ್ವಿ ನಿಟ್ಟುಸಿರು ಬಿಟ್ಟು, “ದಿಲ್ಲಿ ಮೇ ಕುಛ್ ನಹೀ ಹೋತಾ,” ಎಂದಳು. ದಿಲ್ಲಿಯಲ್ಲಿ ಏನೂ ಇಲ್ಲವೆಂಬ ಬೇಸರದಿಂದ ಮಕ್ಕಳು ಬಂಡೆಯನ್ನು ಒದ್ದರು.

ಆ ಬೇಸರ ಕಂಡು ನಾನು ಒಂದು ಮಾತು ಹೇಳಿದೆ. ಮರುದಿನ ಸುರುಳಿ ಚಿಪ್ಪಿನ ಅಮೊನೈಟ್‌ನ ಚಿತ್ರ ತೋರಿಸಿ, ಇದು ಡೈನೋಸಾರ್‌ಗಳ ಕಾಲದಲ್ಲಿ ಸಮುದ್ರದಲ್ಲಿದ್ದ ಜೀವಿ, ಹಿಮಾಲಯ ಇರುವ ಜಾಗದಲ್ಲಿ ಆಗ ಸಮುದ್ರವಿತ್ತು ಎಂದೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮವೂ ಇದೇ, ಕೆಲವರ ಮನೆಯ ಪೂಜೆಯಲ್ಲಿ ಇರುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಅನಘಾಳ ತಾತನ ಹತ್ತಿರ ಇದೆ,” ಎಂದೂ ಸೇರಿಸಿದೆ.

ಮೂವತ್ತಮೂರು ತಲೆಗಳು ಅವಳ ಕಡೆ ತಿರುಗಿದವು. ಏಪ್ರಿಲ್‌ನಿಂದ ಯಾರೂ ಅವಳ ಕಡೆ ಹಾಗೆ ತಿರುಗಿರಲಿಲ್ಲ.

ಸೋಮವಾರ ಅವಳು ಜಾಮೆಟ್ರಿ ಬಾಕ್ಸ್ ತೆರೆದಳು. ಕರ್ಚೀಫಿನಲ್ಲಿ ಸುತ್ತಿದ ಕಪ್ಪು ಕಲ್ಲು, ನೆಲ್ಲಿಕಾಯಿಗಿಂತ ತುಸು ದೊಡ್ಡದು, ಒಂದು ಕಡೆ ಬಾಯಿ ತೆರೆದು ಒಳಗಿನ ಸುರುಳಿ ಕಾಣುವಂಥದ್ದು. ಪೂಜೆ ಮುಗಿದು ತಾತ ಬಟ್ಟೆ ಬದಲಿಸಲು ಹೋದಾಗ ಎತ್ತಿಕೊಂಡಿದ್ದಳು. ಇಲ್ಲಿ ನನ್ನ ಪಾತ್ರವನ್ನು ಸ್ಪಷ್ಟವಾಗಿ ಬರೆಯಬೇಕು. ಸ್ನಾನ ಮಾಡದೆ, ಮಡಿಯಿಲ್ಲದೆ ಅದನ್ನು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಬೆಳೆದದ್ದೂ ಅಂಥದ್ದೇ ಮನೆಯಲ್ಲಿ. ಅದನ್ನು ಆಗಲೇ ಸುತ್ತಿ ನನ್ನ ಮೇಜಿನ ಮೇಲಿಟ್ಟುಕೊಂಡು ಸಂಜೆ ತಲುಪಿಸಬಹುದಿತ್ತು. ಆದರೆ ಪಾಠ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ. ಕಲ್ಲು ಕೈಯಿಂದ ಕೈಗೆ ಹೋಗಲು ಬಿಟ್ಟೆ. ಅನಘಾ ಅದರ ಜೊತೆಜೊತೆಗೇ ಬೆಂಚಿನಿಂದ ಬೆಂಚಿಗೆ ನಡೆದು, ತನ್ನ ಹರಕು ಹಿಂದಿಯಲ್ಲಿ, ಇದು ಸಮುದ್ರದ್ದು, ಹಿಮಾಲಯದ್ದು, ಜುರಾಸಿಕ್‌ದು ಎಂದು ವಿವರಿಸಿದಳು. ಅವಳ ಹಿಂದಿಗೆ ಯಾರೂ ನಗಲಿಲ್ಲ.

ಮನೆಯಲ್ಲಿ ಇದಕ್ಕೆ ಏನು ಮಾಡುತ್ತೀರಿ ಎಂದು ತನ್ವಿ ಕೇಳಿದಳು. ತಾತ ದಿನಾ ಸ್ನಾನ ಮಾಡಿಸುತ್ತಾರೆ, ಆ ನೀರನ್ನು ನಾವು ಕುಡಿಯುತ್ತೇವೆ ಎಂದು ಅನಘಾ ಹೆಮ್ಮೆಯಿಂದಲೇ ಹೇಳಿದಳು. ತನ್ವಿ ಒಂದು ಕ್ಷಣ ಯೋಚಿಸಿ ನನ್ನ ಕಡೆ ತಿರುಗಿದಳು. ಮ್ಯಾಮ್, ಇದು ಸತ್ತ ಪ್ರಾಣಿಯಲ್ಲವೇ ಎಂದಳು. ಹೌದು, ಎಂದೋ ಸತ್ತದ್ದು ಎಂದೆ. ಗಂಟೆ ಹೊಡೆಯಿತು. ಹೊರಗೆ ಹೋಗುವಾಗ ಯಾವುದೋ ಮಗು ಹೇಳಿದ್ದು ನನಗೂ ಕೇಳಿಸಿತು: “ಮರೇ ಹುಏ ಜಾನ್ವರ್ ಕಾ ಪಾನೀ ಪೀತೀ ಹೈ.” ಆ ವಾರ ಪೂರ್ತಿ, ಸತ್ತ ಪ್ರಾಣಿಯ ನೀರು ಕುಡಿಯುವವಳು ಎಂಬ ಅದೇ ಮಾತು ಊಟದ ಹೊತ್ತಿಗೆ ಅವಳ ಬೆಂಚಿನ ಸುತ್ತ ಓಡಾಡಿತು. ನಾನು ಗದರಿದೆ. ನನ್ನೆದುರು ನಿಂತಿತು, ಬೆನ್ನ ಹಿಂದೆ ನಿಲ್ಲಲಿಲ್ಲ.

ಗುರುವಾರ ವಿದ್ಯಾ ಫೋನು ಮಾಡಿದರು. ಕಲ್ಲು ಶಾಲೆಗೆ ಹೋಗಿಬಂದದ್ದು ಮನೆಯಲ್ಲಿ ಗೊತ್ತಾಗಿ, ಮಾವನವರು ಒಂದು ದಿನ ಉಪವಾಸವಿದ್ದು ಪಂಚಾಮೃತದ ಅಭಿಷೇಕ ಮಾಡಿ ಮುಗಿಸಿದ್ದರು. ಅದಕ್ಕೆ ಅವರು ಯಾರನ್ನೂ ಬೈಯಲಿಲ್ಲವಂತೆ. ತೊಂದರೆ ಬೇರೆಯೇ ಇತ್ತು.

“ಮೂರು ದಿನದಿಂದ ತೀರ್ಥಕ್ಕೆ ಕೈ ಚಾಚ್ತಿಲ್ಲ ಅಕ್ಕ. ಮುಷ್ಟಿ ಕಟ್ಕೊಂಡು ನಿಂತುಬಿಡ್ತಾಳೆ. ಸತ್ತ ಪ್ರಾಣಿ ನೀರು ಅಂತಾಳೆ, ಮ್ಯಾಮ್ ಹೇಳಿದ್ದಾರೆ ಅಂತಾಳೆ. ನೀವೇ ಒಂದು ಮಾತು ಹೇಳಿಬಿಡಿ, ಹಾಗಲ್ಲ ಅಂತ. ನಿಮ್ಮ ಮಾತು ಅಂದ್ರೆ ಅವಳಿಗೆ ಮುಗೀತು.”

ಭಾನುವಾರ ಎಂದಿನಂತೆ ಹೋದೆ. ಊಟವಾದ ಮೇಲೆ ರಾಯರು ಬಾಲ್ಕನಿಗೆ ಕರೆದರು. ಅವರು ಜಗಳಕ್ಕೆ ಬರುವವರಲ್ಲ. ಅಂಚೆಯ ಮನುಷ್ಯ, ವಿಳಾಸ ಸರಿಯಿದ್ದರೆ ಸಾಕು.

“ನಲವತ್ತೆಂಟು ವರ್ಷ ಆಯ್ತು ನಾನು ಪೂಜೆ ಮಾಡೋಕೆ ಶುರು ಮಾಡಿ. ಅಷ್ಟೂ ವರ್ಷ ಒಂದು ಹೆಣಕ್ಕೆ ಸ್ನಾನ ಮಾಡಿಸ್ತಿದ್ದೆನಾ?” ಎಂದರು.

ನಾನು ಹಾಗೆ ಹೇಳಲಿಲ್ಲ ಎಂದೆ.

“ವಿಗ್ರಹ ಆದ್ರೆ ಪ್ರಾಣಪ್ರತಿಷ್ಠೆ ಮಾಡಬೇಕು. ಇದಕ್ಕೆ ಬೇಕಿಲ್ಲ. ಇದರೊಳಗೆ ಅವನು ಮೊದಲಿಂದಲೇ ಇದ್ದಾನೆ. ನಾವು ಯಾರೂ ಕರೆದು ಕೂರಿಸಿದ್ದಲ್ಲ. ಇದನ್ನ ಆ ಮಗೂಗೆ ಹೇಗೆ ಹೇಳಲಿ ನಾನು? ನೀವು ಬೋರ್ಡ್ ಮೇಲೆ ಬರೆದು ಹೇಳೋರು. ಏಕಾದಶಿಗೆ ಹಾಕಿದ್ರಲ್ಲ, ಹಾಗೆ ಎರಡು ಸಾಲು ತಿದ್ದುಪಡಿ ಹಾಕಿಬಿಡಿ.”

ಪತ್ರಿಕೆಯಲ್ಲಿ ನಮಗೊಂದು ನಿಯಮವಿತ್ತು. ಸಂಗತಿ ತಪ್ಪಾಗಿದ್ದರೆ ತಿದ್ದುಪಡಿ. ಯಾರಿಗೋ ನೋವಾಯಿತು ಎಂಬುದಕ್ಕೆ ತಿದ್ದುಪಡಿ ಇಲ್ಲ. ಲೋಧಿ ಕಾಲೋನಿಯ ಕೋಣೆಗೆ ಮರಳಿ ನಾನು ಮಾಡಿದ್ದು ಅದನ್ನೇ. ತರಗತಿಯಲ್ಲಿ ಹೇಳಿದ್ದನ್ನೆಲ್ಲ ಸಾಲುಸಾಲಾಗಿ ಬರೆದುಕೊಂಡು ತಪ್ಪು ಹುಡುಕಿದೆ. ಸಮುದ್ರ ಸರಿ. ಕಾಲ ಸರಿ. ಗಂಡಕಿ ಸರಿ. ಸುಳ್ಳು ಹೇಳಿದರೆ ರಾಯರಿಗೆ ನೆಮ್ಮದಿ, ನನಗೆ ಭಾನುವಾರ. ಆದರೆ ಆ ಹುಡುಗಿ ಇಡೀ ವರ್ಷದಲ್ಲಿ ಒಂದು ಗಂಟೆ ತಲೆಯೆತ್ತಿ ನಡೆದಿದ್ದಳು, ಅದು ಈ ಸಂಗತಿಯ ಬಲದ ಮೇಲೆ. ಕೊನೆಗೆ ಒಂದು ನಿಜವಾದ ತಪ್ಪು ಸಿಕ್ಕಿತು. ಸತ್ತ ಪ್ರಾಣಿ ಎಂದಿದ್ದೆ. ಅದು ಸರಿಯಲ್ಲ. ಪ್ರಾಣಿ ಎಂದೋ ಕರಗಿಹೋಗಿದೆ. ಉಳಿದಿರುವುದು ಅದರ ಆಕಾರ, ತುಂಬಿಕೊಂಡಿರುವುದು ಕಲ್ಲು. ತಪ್ಪು ಸಿಕ್ಕಿದ್ದಕ್ಕೆ ನನಗೆ ಸಂತೋಷವಾಯಿತು.

ಸೋಮವಾರ ಮಕ್ಕಳ ಮುಂದೆ ಮತ್ತೆ ಕಣಕ, ಮತ್ತೆ ಬೇವಿನೆಲೆ, ಮತ್ತೆ ಪ್ಲಾಸ್ಟರ್. ಗಟ್ಟಿಯಾದ ಅಚ್ಚನ್ನು ಎರಡು ತುಂಡು ಮಾಡಿ ತೋರಿಸಿದೆ. ಎಲೆ ಇದೆಯೇ? ಇಲ್ಲ ಎಂದರು. ನಾನು ಕಳೆದ ವಾರ ಹೇಳಿದ್ದು ತಪ್ಪು, ಸಾಲಿಗ್ರಾಮದಲ್ಲೂ ಪ್ರಾಣಿ ಇಲ್ಲ ಎಂದು ಬೋರ್ಡಿನ ಮೇಲೆ ಬರೆದೆ. ತನ್ವಿ ತಲೆದೂಗಿದಳು. ಚುಡಾಯಿಸುವುದು ಆ ವಾರವೇ ನಿಂತಿತು. ಆ ಮಟ್ಟಿಗೆ ಕೆಲಸವಾಯಿತು.

ಅನಘಾ ಎಲ್ಲವನ್ನೂ ಪಾಠದಂತೆ ನೆನಪಿಟ್ಟುಕೊಳ್ಳುವ ಹುಡುಗಿ. ಮರುದಿನ ಬೆಳಿಗ್ಗೆ ತಾತ ಉದ್ಧರಣೆ ಹಿಡಿದು ಬಂದಾಗ ಅವಳು ಒಳ್ಳೆಯ ಸುದ್ದಿ ಕೊಡುವವಳಂತೆ ಹೇಳಿದಳಂತೆ: “ತಾತ, ಡೋಂಟ್ ವರಿ, ಅದರೊಳಗೆ ಪ್ರಾಣಿ ಇಲ್ಲ. ಅದರೊಳಗೆ ಏನೂ ಇಲ್ಲ. ಮ್ಯಾಮ್ ಬೋರ್ಡ್ ಮೇಲೆ ಬರೆದ್ರು.”

ವಿದ್ಯಾ ಇದನ್ನು ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಅದರೊಳಗೆ ಅವನು ಮೊದಲಿಂದಲೇ ಇದ್ದಾನೆ ಎಂದು ಬಾಲ್ಕನಿಯಲ್ಲಿ ರಾಯರು ಹೇಳಿದ್ದನ್ನು ನಾನು ಪೂರ್ತಿ ಕೇಳಿಸಿಕೊಂಡಿದ್ದೆ. ಪ್ರತಿಯೊಂದು ಪದವೂ ಈಗಲೂ ನೆನಪಿದೆ. ಬೋರ್ಡಿನ ಮುಂದೆ ನಿಂತಾಗ ಮಾತ್ರ ಅದು ತಲೆಗೆ ಬಂದಿರಲಿಲ್ಲ. ಆ ಭಾನುವಾರ ಅವರಿಗೆ ಯಾರದೋ ಮನೆಗೆ ಹೋಗಬೇಕಿತ್ತು. ಅದರ ಮುಂದಿನ ಭಾನುವಾರ ಅವಳ ತಂದೆಗೆ ಜ್ವರ. ಮೂರನೆಯ ಭಾನುವಾರ ನಾನೇ ಫೋನು ಮಾಡಲಿಲ್ಲ. ಹನ್ನೊಂದು ಗಂಟೆಗೆ ತಯಾರಾಗಿ ಕೂರುವ ಅಭ್ಯಾಸ ಇನ್ನೂ ಕೆಲವು ವಾರ ಉಳಿದಿತ್ತು. ಸೀರೆ ಉಟ್ಟು, ಲೋಧಿ ಕಾಲೋನಿಯ ಮರಗಳ ಕೆಳಗೆ ಒಂದು ಸುತ್ತು ನಡೆದು, ಹಾಲಿನ ಭಯ್ಯಾನ ಬೂತಿನಿಂದ ಮೊಸರು ತಂದು ಅನ್ನಕ್ಕೆ ಕಲಸಿಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ ಗಾಳಿ ಕೆಟ್ಟಿತು. ಗಾಳಿ ಕೆಟ್ಟಾಗ ಮೊದಲು ಮುಚ್ಚುವುದು ಚಿಕ್ಕ ಮಕ್ಕಳ ತರಗತಿಗಳನ್ನು. ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂವತ್ತನಾಲ್ಕು ಚೌಕಗಳು; ಒಂದರಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಬರೀ ಸೀಲಿಂಗ್ ಫ್ಯಾನು. ಅನಘಾಳನ್ನು ಹಾಲ್‌ನಲ್ಲಿ ಕೂರಿಸಿದ್ದರು. ಅವಳ ಹಿಂದೆ ದೇವರ ಗೂಡು ಕಾಣುತ್ತಿತ್ತು. ಅವಳ ಮೈಕು ಬಂದ್ ಆಗಿತ್ತು. ನಾನು ಭಾಗಾಕಾರ ಹೇಳಿಕೊಡುತ್ತಿದ್ದೆ. ಆ ಪುಟ್ಟ ಚೌಕದಲ್ಲಿ ಮಡಿಪಂಚೆಯ ರಾಯರು ಪಂಚಪಾತ್ರೆ ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತರು. ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆಯಲ್ಲಾಡಿಸಿದಳು. ಅವರು ತುಸು ಬಾಗಿದರು. ಅವಳು ಮತ್ತೆ ತಲೆಯಲ್ಲಾಡಿಸಿ ಪೆನ್ಸಿಲ್ ಹಿಡಿದ ಕೈಯನ್ನು ಮೇಜಿನ ಕೆಳಗಿಳಿಸಿದಳು. ಆಗ ಅವರಿಗೆ ಲ್ಯಾಪ್‌ಟಾಪಿನ ಅರಿವಾಯಿತು. ಒಮ್ಮೆ ನೇರವಾಗಿ ಅದರೊಳಗೆ ನೋಡಿದರು. ಅವರಿಗೆ ನಾನು ಕಂಡೆನೋ ಇಲ್ಲವೋ ತಿಳಿಯದು. ಚೌಕದಿಂದ ಹೊರಗೆ ನಡೆದರು. ಶೇಷ ಎಷ್ಟು ಎಂದು ನಾನು ತರಗತಿಯನ್ನು ಕೇಳಿದೆ. ಶಾಲೆ ಮುಚ್ಚಿದ್ದ ಅಷ್ಟೂ ದಿನ ಹೀಗೇ ನಡೆಯಿತು. ನೋಡದೆ ಇರಬಹುದಿತ್ತು, ನೋಡುತ್ತಿದ್ದೆ.

ಜನವರಿಯಲ್ಲಿ ಅವಳ ತಂದೆಗೆ ಗುವಾಹಟಿಗೆ ವರ್ಗವಾಯಿತು. ಟಿ.ಸಿ. ಅರ್ಜಿಗೆ ಕ್ಲಾಸ್ ಟೀಚರಾಗಿ ನಾನೇ ಸಹಿ ಮಾಡಿದೆ. ಹೊರಡುವ ದಿನ ಬೆಳಿಗ್ಗೆ, ಶಾಲೆಗೆ ಹೋಗುವ ಮುಂಚೆ, ಕರೆಯದಿದ್ದರೂ ಅವರ ಮನೆಗೆ ಹೋದೆ. ಮಂಜು ದಟ್ಟವಾಗಿತ್ತು. ಹಾಲ್‌ನಲ್ಲಿ ಕಟ್ಟಿದ ಪೆಟ್ಟಿಗೆಗಳು. ವಿದ್ಯಾ ನನ್ನ ಕೈ ಹಿಡಿದುಕೊಂಡು, ಕಾಫಿ ಪುಡಿ ಪ್ಯಾಕ್ ಆಗಿಹೋಯ್ತಲ್ಲ ಅಕ್ಕ ಎಂದರು. ರಾಯರು ಪೂಜೆ ಮುಗಿಸಿ ಏಳುತ್ತಿದ್ದರು. ಅನಘಾ ಸ್ವೆಟರಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, “ಗುಡ್ ಮಾರ್ನಿಂಗ್ ಮ್ಯಾಮ್,” ಎಂದಳು. ಆ ಮನೆಯಲ್ಲಿ ನಾನು ಆಂಟಿಯಾಗಿ ಉಳಿದಿರಲಿಲ್ಲ.

ರಾಯರು ಪಂಚಪಾತ್ರೆ ಹಿಡಿದು ನನ್ನ ಮುಂದೆ ನಿಂತರು.

“ಸ್ನಾನ ಆಗಿದೆಯಾ?”

“ಆಗಿದೆ.”

ನಾನು ಕೈ ಚಾಚಿದೆ. ಹದಿನೈದು ಇಪ್ಪತ್ತು ವರ್ಷವಾಗಿತ್ತು ತೀರ್ಥ ತೆಗೆದುಕೊಂಡು. ಅವರು ಮೂರು ಸಲ ಹಾಕಿದರು. ನೀರು ತಣ್ಣಗಿತ್ತು, ತುಳಸಿಯ ವಾಸನೆಯಿತ್ತು. ಅನಘಾ ಪೆಟ್ಟಿಗೆಯಿಂದ ಇಳಿದು ಹತ್ತಿರ ಬಂದು ನೋಡುತ್ತಿದ್ದಳು.

“ಮ್ಯಾಮ್, ಅದು ಫಾಸಿಲ್ ಅಲ್ವಾ?”

ರಾಯರು ಅವಳ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಇಬ್ಬರೂ ಕಾಯುತ್ತಿದ್ದರು.

“ಹೌದು, ಫಾಸಿಲ್,” ಎಂದೆ.

“ಗೊತ್ತಿದ್ದೂ ಕುಡಿದ್ರಾ?”

“ಗೊತ್ತಿದ್ದೂ ಕುಡಿದೆ.”

ಅವಳು ಯಾಕೆ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಇಂದಿಗೂ ತಿಳಿಯದು. ಅವಳು ಕೇಳಲಿಲ್ಲ. ನನ್ನ ಒದ್ದೆ ಅಂಗೈಯನ್ನು ನೋಡಿದಳು, ತಾತನನ್ನು ನೋಡಿದಳು. ಕೈಗಳು ಜೇಬಿನಲ್ಲೇ ಇದ್ದವು. ರಾಯರು ಉದ್ಧರಣೆ ತುಂಬಿಕೊಂಡು, ಯಾರ ಕಡೆಗೂ ಚಾಚದೆ, ಒಂದಿಷ್ಟು ಹೊತ್ತು ಹಾಗೇ ನಿಂತಿದ್ದರು. ಕೆಳಗಿನಿಂದ ಟ್ರಕ್ಕಿನವನು ಕೂಗಿದ. ಅವರು ಆ ನೀರನ್ನು ತಾವೇ ಕುಡಿದು ಪಂಚಪಾತ್ರೆ ಒರೆಸತೊಡಗಿದರು.

ನನಗೆ ಶಾಲೆಗೆ ತಡವಾಗುತ್ತಿತ್ತು, ಹೊರಟೆ. ಆ ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಟಿ.ಸಿ. ಎಂದು ಬರೆದೆ. ಆ ವರ್ಷ ಹಾಗೆ ಎಳೆದ ಗೆರೆಗಳಲ್ಲಿ ಅದು ಆರನೆಯದು.

ಮಾರ್ಚ್‌ನಲ್ಲಿ ರಜೆಯ ಮೇಲಿದ್ದ ಟೀಚರ್ ಮರಳಿದರು, ನನ್ನ ಕೆಲಸ ಮುಗಿಯಿತು. ಯುಗಾದಿಯ ದಿನ ವಿದ್ಯಾ ಬೇವು ಬೆಲ್ಲದ ಒಂದು ಚಿತ್ರ ಕಳಿಸಿದರು. ಅನಘಾ ಈಗ ತೀರ್ಥ ತಗೊಳ್ತಾಳಾ ಎಂದು ಬರೆದೆ. ಒಂದು ಪ್ರಶ್ನೆ ಕೇಳುವುದಕ್ಕೆ ನಾನು ಹೆದರಿದ್ದು ನೆನಪಿಲ್ಲ, ಮಂತ್ರಿಗಳನ್ನೂ ಕೇಳಿದ್ದೇನೆ. ಬರೆದದ್ದನ್ನು ಎರಡು ಸಲ ಓದಿ ಅಳಿಸಿದೆ. ಅಲ್ಲಿ ಸೆಖೆ ಶುರುವಾಯ್ತಾ ಎಂದು ಕೇಳಿದೆ.

“ಇಲ್ಲ ಅಕ್ಕ, ಇಲ್ಲಿ ಮಳೆ,” ಎಂದು ಉತ್ತರ ಬಂತು.